ವಚನಸಂಚಯವೂ ಪಾಠರಕ್ಷಣೆಯ ಹೊಣೆಯೂ

1

ಗ್ರಂಥವೊಂದು ಎಲ್ಲರ ಸೊತ್ತಾಗುವುದು ಬೇರೆ, ಎಲ್ಲರ ಹೊಣೆಯಾಗುವುದು ಬೇರೆ. ಮೊದಲನೆಯದು ಒಂದು ದಿನದಲ್ಲಿ ನಡೆಯಬಹುದಾದ ಕಾರ್ಯ. ಒಡೆಯನಾದವನು ತನ್ನ ಒಡೆತನವನ್ನು ಬಿಟ್ಟುಕೊಟ್ಟರೆ ಸಾಕು. ಎರಡನೆಯದಕ್ಕೆ ತಲೆಮಾರುಗಳ ದುಡಿಮೆ ಬೇಕು. ಇವೆರಡೂ ಒಂದೇ ಎಂದು ಭಾವಿಸಿದಲ್ಲಿ ಗ್ರಂಥವು ಎಲ್ಲರ ಕೈಯಲ್ಲಿದ್ದೂ ಯಾರ ಕಣ್ಣಿಗೂ ಬೀಳದೆ ಕೆಡುತ್ತ ಹೋಗುತ್ತದೆ.

ಈ ಭೇದವನ್ನು ವಿಚಾರಿಸುವುದಕ್ಕೆ ಕನ್ನಡದಲ್ಲಿ ಈಗ ತಕ್ಕ ನಿದರ್ಶನವೊಂದು ದೊರೆತಿದೆ. 2013ರಲ್ಲಿ 'ಸಂಚಯ'ವೆಂಬ ಚಿಕ್ಕ ಬಳಗದವರು 'ವಚನ ಸಂಚಯ'ವೆಂಬ ವಚನಕೋಶವನ್ನು ಅಂತರ್ಜಾಲದಲ್ಲಿ ಲೋಕಕ್ಕೆ ಒಪ್ಪಿಸಿದರು. ಓಂಶಿವಪ್ರಕಾಶರೇ ಮೊದಲಾದ ತಂತ್ರಜ್ಞರ ಶ್ರಮವೂ ಓ. ಎಲ್. ನಾಗಭೂಷಣ ಸ್ವಾಮಿಯವರಂಥ ಸಾಹಿತ್ಯಜ್ಞರ ಮಾರ್ಗದರ್ಶನವೂ ಅದರಲ್ಲಿ ಸೇರಿದುವು. 250ಕ್ಕೂ ಮಿಕ್ಕ ವಚನಕಾರರ ಸುಮಾರು 21,000 ವಚನಗಳು ಅದರೊಳಗಿವೆ. ಮುಕ್ತ ತಂತ್ರಾಂಶದ ತತ್ತ್ವದಂತೆ ಕಟ್ಟಿದ ಕೆಲಸವಿದು. ಎಂದರೆ ಯಂತ್ರವನ್ನು ನಡೆಯಿಸುವ ಬರಹವನ್ನು ಮುಚ್ಚಿಡದೆ, ಬಲ್ಲವರು ನೋಡಿ ತಿದ್ದಿ ಬೆಳೆಸಲೆಂದು ತೆರೆದಿಡುವ ತತ್ತ್ವ. ಮುಂದೆ ಇದೇ ಬಳಗವು ದಾಸರ ಪದಗಳ ಸಂಗ್ರಹ, ಹಳೆಯ ಅಚ್ಚಿನ ಪುಸ್ತಕಗಳ ಸೂಚಿ, ಅವುಗಳ ಪ್ರತಿಬಿಂಬಗಳ ಸಂಗ್ರಹ, ವಿದ್ವಾಂಸರ ಉಪನ್ಯಾಸಗಳ ಚಿತ್ರಣ, ಯಕ್ಷಗಾನವೇ ಮೊದಲಾದ ಕಲೆಗಳ ದಾಖಲೆ ಎಂದು ಕೈಯನ್ನು ಚಾಚುತ್ತ ಹೋಗಿ, 'ಸಂಚಿ'ಯೆಂಬ ಪ್ರತಿಷ್ಠಾನವಾಗಿ ರೂಪುಗೊಂಡಿತು. ಒಂದು ಕೆಲಸವಾಗಿ ಮೊದಲಾದುದು ಒಂದು ಸಂಸ್ಥೆಯಾಯಿತು.

ಹೀಗೆ ಬೆಳೆದುದು ಸಂತೋಷಕರವೆಂಬುದರಲ್ಲಿ ಸಂದೇಹವಿಲ್ಲ. ಆದರೆ ಕೆಲಸವು ಸಂಸ್ಥೆಯಾದಾಗ ಅದರ ಮುಖ್ಯವಾದ ಹೊಣೆಯಾವುದು? ಮೊದಲಿನ ಗ್ರಂಥಕ್ಕೂ ಬೆಳೆದ ಸಂಸ್ಥೆಗೂ ಇರಬೇಕಾದ ಸಂಬಂಧವೆಂತಹುದು? ಇದು ಪ್ರಕೃತದ ವಿಚಾರ. ಇದಕ್ಕೆ ಉತ್ತರವನ್ನು ಹೊರಗಿನ ಶಾಸ್ತ್ರಗಳಲ್ಲಿ ಅರಸುವ ಮೊದಲು ವಚನಗಳು ಬಂದ ದಾರಿಯನ್ನೇ ನೋಡುವುದು ಯುಕ್ತವಾಗಿದೆ.

2

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗಗಳ ಸೀಮೆಯು ಮಲಪ್ರಭೆಯ ಸೀಮೆ. ವಚನಗಳ ಕಟ್ಟುಗಳು ಹಾದುಹೋದುವೆಂದು ಜನವು ನಂಬಿದ ದಾರಿಯು ಈ ಹೊಳೆಯ ದಂಡೆಯಲ್ಲಿಯೇ ಇದೆ. 1167-68ರ ಸುಮಾರಿಗೆ ಕಲ್ಯಾಣದಲ್ಲಿ ಕ್ಷೋಭೆಯಾದಾಗ ಚೆನ್ನಬಸವಣ್ಣನೇ ಮೊದಲಾದ ಶರಣರು ವಚನಗಳ ಹೊರೆಗಳನ್ನು ಹೊತ್ತು ಉಳವಿಯ ಕಡೆಗೆ ನಡೆದರೆಂದೂ, ಬೆನ್ನಟ್ಟಿ ಬಂದ ದಂಡನ್ನು ಕಾದರವಳ್ಳಿಯಲ್ಲಿ ಎದುರಿಸಿದರೆಂದೂ ಐತಿಹ್ಯವಿದೆ. ಕಾರಿಮನಿ, ಮುರಗೋಡಗಳಲ್ಲಿ ಮಡಿವಾಳ ಮಾಚಯ್ಯನ ಸ್ಮರಣೆಯುಂಟು. ಮುಗುಟಖಾನ ಹುಬ್ಬಳ್ಳಿಯಲ್ಲಿ ಹೊಳೆಯ ನಡುವೆ ಗಂಗಾಂಬಿಕೆಯ ಐಕ್ಯಸ್ಥಳವೆಂದು ಜನರು ಪೂಜಿಸುವ ತಾಣವಿದೆ.

ಈ ಐತಿಹ್ಯವನ್ನು ಇತಿಹಾಸವೆಂದು ಹಾಗೆಯೇ ಒಪ್ಪುವಂತಿಲ್ಲ. ಅದಕ್ಕೆ ಸಮಕಾಲೀನ ಶಾಸನದ ಆಧಾರವಿಲ್ಲ. ಪುರಾಣಗಳಿಂದಲೂ ಜನವಾಕ್ಯದಿಂದಲೂ ಅದು ಬಂದಿದೆ. ಶರಣರು ಕಾದಿದ ಊರಾದ್ದರಿಂದ ಕಾದರವಳ್ಳಿಯಾಯಿತೆಂದು ಹೇಳುವ ವ್ಯುತ್ಪತ್ತಿಯಂತೂ ನಿಲ್ಲಲಾರದು. ಆ ಊರಿನ ಹೆಸರು ಹನ್ನೊಂದನೆಯ ಶತಮಾನದ ಚಾಲುಕ್ಯರ ಕಾಲದ ಶಾಸನದಲ್ಲಿಯೇ ಬಂದಿರುವುದರಿಂದ, ಕಲ್ಯಾಣದ ಕ್ಷೋಭೆಗಿಂತ ಅದು ಹಿಂದಿನದು. ಆದರೂ ಐತಿಹ್ಯದೊಳಗೊಂದು ಅರ್ಥವಿದೆ. ಅದರಲ್ಲಿ ವಚನಗಳನ್ನು ಉಳಿಸಿದವನು ಒಬ್ಬ ಅರಸನಲ್ಲ, ಒಂದು ಭಂಡಾರವಲ್ಲ. ಹೊರೆಯನ್ನು ಹಂಚಿಕೊಂಡು ಹೊತ್ತ ಹಲವರು. ಯಾರೊಬ್ಬರೂ ಅದರ ಒಡೆಯರಲ್ಲ. ಆದರೆ ಯಾವ ಕಟ್ಟು ಯಾರ ತಲೆಯ ಮೇಲಿದೆ ಎಂಬುದು ಹೊತ್ತವರಿಗೆ ಗೊತ್ತಿತ್ತು. ಎಲ್ಲರ ಸೊತ್ತು ಎಲ್ಲರ ಹೊಣೆಯೂ ಆಗಬೇಕಾದರೆ ಇರಬೇಕಾದ ವ್ಯವಸ್ಥೆಯು ಇದೇ ಎಂದು ಜನವು ಕಥೆಯ ರೂಪದಲ್ಲಿ ಹೇಳಿದೆ.

ಬಾಯಿಂದ ಬಾಯಿಗೆ ಬಂದ ಪಾಠದ ಸ್ಥಿತಿಯೂ ಈ ಸೀಮೆಯಲ್ಲಿ ಕಾಣುತ್ತದೆ. ರಾಮದುರ್ಗದ ಹತ್ತಿರದ ಗೊಡಚಿಯು ವೀರಭದ್ರನ ಕ್ಷೇತ್ರ. ಅಂಥ ಜಾತ್ರೆಗಳಲ್ಲಿ ಪುರವಂತರು ಹೇಳುವ ಒಡಪುಗಳನ್ನೂ, ಊರೂರುಗಳ ಭಜನೆಯವರು ಹಾಡುವ ವಚನ ತತ್ತ್ವಪದಗಳನ್ನೂ ಕೇಳಿದವರಿಗೆ, ಒಂದೇ ನುಡಿಯು ಊರಿಂದೂರಿಗೆ ಹೇಗೆ ಮಾರ್ಪಡುತ್ತದೆಂಬುದು ತಿಳಿದಿರುತ್ತದೆ. ಹಾಡುಗಾರನು ಮಾಡಿದ ಮಾರ್ಪಾಡು ದೋಷವಲ್ಲ. ಅದು ಹಾಡಿನ ಜೀವ. ಆದರೆ ಅದನ್ನು ಬರೆದುಕೊಂಡವನು ಯಾರಿಂದ, ಯಾವ ಊರಿನಲ್ಲಿ ಕೇಳಿದೆನೆಂದು ಕಾಣಿಸದೆ 'ಇದೇ ವಚನ'ವೆಂದು ಕೊಟ್ಟರೆ ಆಗ ದೋಷವು ಮೊದಲಾಗುತ್ತದೆ.

3

ಬರಹದ ಪರಂಪರೆಯಲ್ಲಿ ಈ ವಿವೇಕವು ಹೇಗಿತ್ತೆಂಬುದಕ್ಕೆ ಶೂನ್ಯಸಂಪಾದನೆಗಳೇ ಸಾಕ್ಷಿ. ಹದಿನೈದನೆಯ ಶತಮಾನದಿಂದ ಮೊದಲಾಗಿ ನಾಲ್ಕು ಶೂನ್ಯಸಂಪಾದನೆಗಳು ಹುಟ್ಟಿದುವು. ಶಿವಗಣಪ್ರಸಾದಿ ಮಹಾದೇವಯ್ಯನದು ಮೊದಲನೆಯದು, ಹಲಗೆಯಾರ್ಯನದು ಎರಡನೆಯದು, ಗುಮ್ಮಳಾಪುರದ ಸಿದ್ಧಲಿಂಗದೇವನದು ಮೂರನೆಯದು, ಗೂಳೂರ ಸಿದ್ಧವೀರಣ್ಣೊಡೆಯನದು ನಾಲ್ಕನೆಯದು. ವಚನಗಳು ಎಲ್ಲಕ್ಕೂ ಸಾಧಾರಣವಾದ ಸಾಮಗ್ರಿ. ಅವುಗಳನ್ನು ಆಯ್ದು, ಸಂವಾದದ ಕ್ರಮದಲ್ಲಿ ಜೋಡಿಸಿ, ನಡುನಡುವೆ ಗದ್ಯವನ್ನು ಹೊಂದಿಸಿದ ಕೆಲಸವು ಆಯಾ ಸಂಕಲನಕಾರನದು. ಸಿದ್ಧರಾಮನಿಗೆ ಇಷ್ಟಲಿಂಗದೀಕ್ಷೆಯಾಯಿತೇ ಎಂಬ ಪ್ರಶ್ನೆಯಲ್ಲಿ ಮೊದಲನೆಯವನಿಗೂ ಎರಡನೆಯವನಿಗೂ ಅಭಿಪ್ರಾಯಭೇದವಿತ್ತು. ಮೊದಲನೆಯದರಲ್ಲಿಲ್ಲದ ದೀಕ್ಷಾಪ್ರಸಂಗವು ಎರಡನೆಯದರಲ್ಲಿ ಸೇರಿತು. ಎಂದರೆ ಒಂದು ಗ್ರಂಥವನ್ನು ಆಧಾರವಾಗಿಟ್ಟುಕೊಂಡು, ಒಪ್ಪದ ಕಡೆ ಬೇರೆ ದಾರಿ ಹಿಡಿದು, ಇನ್ನೊಂದು ಕವಲನ್ನು ಬೆಳೆಸುವ ಸ್ವಾತಂತ್ರ್ಯವು ಆ ಕಾಲದಲ್ಲಿಯೂ ಇತ್ತು.

ಇಲ್ಲಿ ಗಮನಿಸಬೇಕಾದುದು ಎರಡು. ಒಂದು, ಹಲಗೆಯಾರ್ಯನು ತನ್ನ ಮಾರ್ಪಾಡನ್ನು ಮಹಾದೇವಯ್ಯನ ಹೆಸರಿನಲ್ಲಿ ಹರಿಯಬಿಡಲಿಲ್ಲ. ಅದು ಹಲಗೆಯಾರ್ಯನದೆಂದೇ ಪ್ರಸಿದ್ಧವಾಯಿತು. ಇನ್ನೊಂದು, ವಚನಕಾರನ ಅಂಕಿತವು ಆ ಸಂಕಲನಗಳಲ್ಲಿ ವಚನದ ಕೊನೆಯಲ್ಲಿ ನಿಂತೇ ಇತ್ತು. ಹೀಗೆ ಕವಲು ಒಡೆದರೂ ಬೇರಿನ ಗುರುತು ಅಳಿಯಲಿಲ್ಲ. ನಾಲ್ಕೂ ಉಳಿದಿರುವುದರಿಂದಲೇ ಇಂದಿನ ವಿಮರ್ಶಕನು ಅವುಗಳನ್ನು ಹೋಲಿಸಿ, ಯಾವ ಕಾಲದಲ್ಲಿ ಯಾವ ಮತವು ಬಲವಾಯಿತೆಂದು ಹೇಳಬಲ್ಲನು.

ಅಚ್ಚಿನ ಕಾಲದಲ್ಲಿ ಈ ಹೊಣೆಯನ್ನು ಮೊದಲು ದೊಡ್ಡ ಪ್ರಮಾಣದಲ್ಲಿ ಹೊತ್ತವರು ಫ. ಗು. ಹಳಕಟ್ಟಿಯವರು (1880-1964). ವಿಜಾಪುರದಲ್ಲಿ ವಕೀಲರಾಗಿದ್ದ ಅವರು ಓಲೆಯ ಕಟ್ಟುಗಳನ್ನು ಅರಸಿ ಕೂಡಿಹಾಕಿ, 'ವಚನಶಾಸ್ತ್ರಸಾರ'ದ ಮೊದಲನೆಯ ಭಾಗವನ್ನು 1923ರಲ್ಲಿ ಬೆಳಗಾವಿಯ ಮಹಾವೀರ ಮುದ್ರಣಾಲಯದಲ್ಲಿ ಅಚ್ಚು ಹಾಕಿಸಿದರು; 1925ರಲ್ಲಿ ಹಿತಚಿಂತಕ ಮುದ್ರಣಾಲಯವನ್ನು ಸ್ಥಾಪಿಸಿದರು; 1926ರಲ್ಲಿ 'ಶಿವಾನುಭವ' ತ್ರೈಮಾಸಿಕವನ್ನು ಹೊರಡಿಸಿದರು. ಮನೆಯನ್ನು ಮಾರಿ ಮುದ್ರಣದ ವೆಚ್ಚವನ್ನು ಹೊತ್ತ ಅವರ ತ್ಯಾಗವು ಪ್ರಸಿದ್ಧವಾದುದೇ. ಭಾರತದ ಗ್ರಂಥಸ್ವಾಮ್ಯದ ನಿಯಮದಂತೆ ಗ್ರಂಥಕರ್ತನು ತೀರಿಕೊಂಡ ಮೇಲೆ 60 ವರ್ಷಗಳವರೆಗೆ ಸ್ವಾಮ್ಯವು ನಿಲ್ಲುವುದರಿಂದ, ಹಳಕಟ್ಟಿಯವರ ಜೀವಿತಕಾಲದಲ್ಲಿ ಪ್ರಕಟವಾದ ಬರಹಗಳು 2025ರ ಜನವರಿ 1ರಿಂದ ಸರ್ವರ ಸೊತ್ತಾಗಿವೆ. ಒಬ್ಬನು ಹೊತ್ತ ಹೊರೆಯನ್ನು ಇನ್ನು ಮುಂದೆ ಹೊರಬೇಕಾದವರು ಯಾರೆಂಬ ಪ್ರಶ್ನೆಯೂ ಅಂದಿನಿಂದಲೇ ಹೆಚ್ಚು ಬಿಗಿಯಾಗಿದೆ.

ಹಳಕಟ್ಟಿಯವರ ತರುವಾಯ ಶಿ. ಶಿ. ಬಸವನಾಳರಂಥ ವಿದ್ವಾಂಸರು ಪ್ರತಿಗಳನ್ನು ಹೋಲಿಸಿ, ಪಾಠಾಂತರಗಳನ್ನು ಕಾಣಿಸಿ ಸಂಪಾದಿಸುವ ಕ್ರಮವನ್ನು ಬಲಪಡಿಸಿದರು. 1939ರಲ್ಲಿ ಧಾರವಾಡದಲ್ಲಿ ಸ್ಥಾಪಿತವಾದ ಕನ್ನಡ ಸಂಶೋಧನ ಸಂಸ್ಥೆಯೂ, ತರುವಾಯ ಕರ್ನಾಟಕ ವಿಶ್ವವಿದ್ಯಾಲಯವೂ ಹಸ್ತಪ್ರತಿಗಳ ಸಂಗ್ರಹ ಸಂಪಾದನೆಗಳಿಗೆ ನೆಲೆಯಾದುವು. ಕೊನೆಗೆ 1993ರಲ್ಲಿ ಎಂ. ಎಂ. ಕಲಬುರ್ಗಿಯವರ ಪ್ರಧಾನ ಸಂಪಾದಕತ್ವದಲ್ಲಿ ಕರ್ನಾಟಕ ಸರಕಾರವು ಸಮಗ್ರ ವಚನ ಸಂಪುಟಗಳನ್ನು 15 ಸಂಪುಟಗಳಲ್ಲಿ ಹೊರತಂದಿತು. ಇದು ಜನಪ್ರಿಯ ಆವೃತ್ತಿಯೆಂದು ತನ್ನನ್ನು ತಾನೇ ಕರೆದುಕೊಂಡಿದೆ ಎಂಬುದನ್ನು ನೆನಪಿನಲ್ಲಿಡಬೇಕು. ಓದುವ ಜನಕ್ಕೆ ಕಡಿಮೆ ಬೆಲೆಯಲ್ಲಿ ಸಮಗ್ರವಾದ ಪಾಠವನ್ನು ಕೊಡುವುದು ಅದರ ಉದ್ದೇಶ; ಪ್ರತಿಯೊಂದು ಪಾಠಭೇದವನ್ನು ಕಾಣಿಸುವುದು ಅದರ ಉದ್ದೇಶವಲ್ಲ. ವಚನಸಂಚಯವು ನಿಂತಿರುವುದು ಈ ಸರಕಾರೀ ಸಂಪುಟಗಳ ಪಾಠದ ಮೇಲೆ.

4

ವಚನಸಂಚಯದಿಂದ ಆದ ಉಪಕಾರವನ್ನು ಮೊದಲು ಹೇಳುವುದು ನ್ಯಾಯ. ಹಿಂದೆ ಒಂದು ಶಬ್ದವು ಎಷ್ಟು ಮಂದಿ ವಚನಕಾರರಲ್ಲಿ ಬಂದಿದೆ ಎಂದು ತಿಳಿಯಬೇಕಾದರೆ ವಿದ್ವಾಂಸನು ಸಂಪುಟಗಳನ್ನೆಲ್ಲ ತಿರುವಿ, ಚೀಟಿಗಳನ್ನು ಬರೆದು ವರ್ಷಗಳನ್ನು ಕಳೆಯಬೇಕಾಗಿತ್ತು. ಈಗ ಅದು ನಿಮಿಷದ ಕೆಲಸ. 'ಬಯಲು', 'ಕಾಯಕ', 'ದಾಸೋಹ', 'ಅರಿವು' ಮುಂತಾದ ಶಬ್ದಗಳಲ್ಲಿ ಯಾವುದು ಹನ್ನೆರಡನೆಯ ಶತಮಾನದವರಲ್ಲಿ ಹೆಚ್ಚು, ಯಾವುದು ತರುವಾಯದವರಲ್ಲಿ ಹೆಚ್ಚು ಎಂಬಂಥ ಪ್ರಶ್ನೆಗಳನ್ನು ಹಳ್ಳಿಯ ಪಾಠಶಾಲೆಯ ಅಧ್ಯಾಪಕನೂ ಕೇಳಬಲ್ಲನು. ಬೈಲಹೊಂಗಲದಲ್ಲಿ ಕುಳಿತವನಿಗೂ ಬೆಂಗಳೂರಿನಲ್ಲಿ ಕುಳಿತವನಿಗೂ ಈ ವಿಷಯದಲ್ಲಿ ಸಾಧನಭೇದವಿಲ್ಲವಾಯಿತು. ಗ್ರಂಥಾಲಯದ ಬಾಗಿಲಲ್ಲಿ ಕಾದು ಹಿಂದಿರುಗಿದ ಕಿರಿಯ ಸಂಶೋಧಕರು ಎಷ್ಟು ಮಂದಿ ಎಂಬುದನ್ನು ನೆನೆದರೆ, ಇದು ಸಾಮಾನ್ಯವಾದ ಸೇವೆಯಲ್ಲ.

ಹಾಗಿದ್ದರೂ ಆ ಸೇವೆಯ ಬೆಲೆಯು ಪಾಠದ ಶುದ್ಧಿಯನ್ನು ಅವಲಂಬಿಸಿದೆ. ಇಲ್ಲಿ ಮೂರು ಸಂಗತಿಗಳು ವಿಚಾರಣೀಯವಾಗಿವೆ.

ಮೊದಲನೆಯದು ಪದಚ್ಛೇದ. ಓಲೆಯಲ್ಲಿ ಬರಹವು ಎಡೆಬಿಡದೆ ಸಾಗುತ್ತದೆ. ಪದಪದಕ್ಕೂ ನಡುವೆ ತೆರಪಿಲ್ಲ, ಸಾಲುಗಳ ಒಡೆತವಿಲ್ಲ. ಅಚ್ಚಿನಲ್ಲಿ ಕಾಣುವ ತೆರಪು ಸಂಪಾದಕನು ಕೊಟ್ಟುದು; ಆದ್ದರಿಂದ ಅದು ಅರ್ಥನಿರ್ಣಯವೇ ಆಗಿದೆ. ಸಂಸ್ಕೃತದಲ್ಲಿ ಸಂಹಿತಾಪಾಠಕ್ಕೂ ಪದಪಾಠಕ್ಕೂ ಇರುವ ಭೇದವನ್ನು ಬಲ್ಲವರಿಗೆ ಇದನ್ನು ವಿವರಿಸಬೇಕಾದುದಿಲ್ಲ. ಋಕ್ಸಂಹಿತೆಯ ಪದಪಾಠವು ಶಾಕಲ್ಯನದೆಂದು ಹೆಸರು ಹೇಳಿಯೇ ಪರಂಪರೆಯು ಅದನ್ನು ರಕ್ಷಿಸಿತು. ಯಂತ್ರವಾದರೋ ತೆರಪಿನಿಂದ ತೆರಪಿಗೆ ಇರುವುದನ್ನು ಒಂದು ಪದವೆಂದು ಎಣಿಸುತ್ತದೆ. ಸಂಧಿಯಲ್ಲಿ ಸೇರಿದ ಪದವನ್ನು ಅದು ಬೇರೆ ಪದವೆಂದೂ, ಬಿಡಿಸಿ ಅಚ್ಚು ಹಾಕಿದುದನ್ನು ಎರಡು ಪದವೆಂದೂ ತಿಳಿಯುತ್ತದೆ. ಆದುದರಿಂದ ಇಂತಿಷ್ಟು ಸಲ ಬಂದಿದೆ ಎಂಬ ಲೆಕ್ಕವು ವಚನಕಾರನ ಪ್ರಯೋಗದ ಲೆಕ್ಕವೆಂದು ತೋರಿದರೂ, ಅದರಲ್ಲಿ ಬಹುಭಾಗವು ಸಂಪಾದಕನ ಪದಚ್ಛೇದದ ಲೆಕ್ಕವಾಗಿರುತ್ತದೆ.

ಎರಡನೆಯದು ಅಂಕಿತ. 'ಕೂಡಲಸಂಗಮದೇವ', 'ಕೂಡಲಸಂಗಮದೇವಾ', 'ಕೂಡಲ ಸಂಗಮದೇವಾ' ಎಂಬ ಮೂರೂ ಓದುವವನಿಗೆ ಒಂದೇ, ಯಂತ್ರಕ್ಕೆ ಮೂರು. ಸಂಬೋಧನೆಯ ದೀರ್ಘವು ಪ್ರತಿಯಲ್ಲಿದ್ದುದೋ, ಹಾಡುವ ರೂಢಿಯಿಂದ ಬಂದುದೋ, ಮುದ್ರಕನು ಕೊಟ್ಟುದೋ ಎಂಬುದನ್ನು ತಿಳಿಯುವುದಕ್ಕೆ ಸಾಧನವೂ ಬೇಕು. ಅನೇಕ ವಚನಗಳ ಕರ್ತೃತ್ವವು ಅಂಕಿತವೊಂದರಿಂದಲೇ ನಿರ್ಣಯವಾಗುವುದರಿಂದ, ಇದು ಅಲ್ಪವಾದ ವಿಷಯವಲ್ಲ.

ಮೂರನೆಯದು ಲಿಪ್ಯಂತರ. ಗಣಕಯಂತ್ರಗಳಿಗೆ ಕನ್ನಡವು ಮೊದಲು ಬಂದಾಗ ಒಂದೊಂದು ತಂತ್ರಾಂಶಕ್ಕೂ ತನ್ನದೇ ಆದ ಅಕ್ಷರಸಂಕೇತವಿತ್ತು. ಅದರಲ್ಲಿ ಬರೆದುದನ್ನು ಸರ್ವಸಾಧಾರಣವಾದ ಯೂನಿಕೋಡ್ ಸಂಕೇತಕ್ಕೆ ಮಾರ್ಪಡಿಸುವಾಗ ಅರ್ಕಾವತ್ತು, ಒತ್ತಕ್ಷರ, ದೀರ್ಘಚಿಹ್ನೆಗಳು ಸ್ಥಾನ ತಪ್ಪುವ ಸಂಭವವಿರುತ್ತದೆ. ಓಲೆಯ ಲಿಪಿಕಾರನ ಕೈತಪ್ಪಿಗೆ ಸಮನಾದ ಹೊಸ ಬಗೆಯ ಕೈತಪ್ಪಿದು. ಹಳೆಯ ಲಿಪಿಕಾರನು ಒಂದು ಪ್ರತಿಯನ್ನು ಕೆಡಿಸುತ್ತಿದ್ದನು. ಇಲ್ಲಿ ಒಂದು ತಪ್ಪು ಏಕಕಾಲದಲ್ಲಿ ಎಲ್ಲರ ಪ್ರತಿಗೂ ಸೇರುತ್ತದೆ.

ಈ ಮೂರೂ ದೋಷಗಳನ್ನು ಬಳಗದ ಮೇಲೆ ಹೊರಿಸುವುದು ಅನ್ಯಾಯವಾದೀತು. ಜನಪ್ರಿಯವಾದ ಪಾಠವನ್ನು ಆಧರಿಸಿ ಕೋಶವನ್ನು ಕಟ್ಟುವುದೇ ಮೊದಲನೆಯ ಹೆಜ್ಜೆಯಾಗಿತ್ತು. ಅದನ್ನು ಅವರು ಇಟ್ಟರು. ಆದರೆ ಮೊದಲನೆಯ ಹೆಜ್ಜೆಯನ್ನೇ ಕೊನೆಯದೆಂದು ತಿಳಿಯುವ ಓದುಗರು ಹುಟ್ಟಿಕೊಂಡರೆ, ಕೋಶದಲ್ಲಿರುವುದೇ ವಚನ, ಇಲ್ಲದಿರುವುದು ವಚನವಲ್ಲ ಎಂಬ ಭ್ರಾಂತಿಯು ಬೆಳೆಯುತ್ತದೆ. ಪ್ರತಿಷ್ಠಾನವು ಎಚ್ಚರ ವಹಿಸಬೇಕಾದುದು ಇಲ್ಲಿ.

5

ತೆರೆದಿಟ್ಟ ಪಾಠವನ್ನು ಯಾರು ಬೇಕಾದರೂ ತಿದ್ದಬಹುದೆಂದ ಮೇಲೆ ಪಾಠಕ್ಕೆ ರಕ್ಷಣೆಯೆಲ್ಲಿ, ಎಂಬುದು ಪೂರ್ವಪಕ್ಷ. ವಿದ್ವಾಂಸರಲ್ಲಿ ಅನೇಕರು ಮುಕ್ತ ತಂತ್ರಾಂಶದ ಮಾತನ್ನು ಸಂಶಯದಿಂದ ನೋಡುವುದಕ್ಕೆ ಇದೇ ಕಾರಣ. ಆದರೆ ಆ ತತ್ತ್ವದ ಮೂಲನಿಯಮಗಳನ್ನು ನೋಡಿದವರಿಗೆ ಈ ಆಕ್ಷೇಪವು ಅಷ್ಟು ಬಲವಾದುದೆಂದು ತೋರದು. ರಿಚರ್ಡ್ ಸ್ಟಾಲ್ಮನ್ ಎಂಬ ಅಮೇರಿಕದ ತಂತ್ರಜ್ಞನು 1983ರಲ್ಲಿ ಗ್ನು ಎಂಬ ಯೋಜನೆಯನ್ನು ಸಾರಿ, 1985ರಲ್ಲಿ ಅದರ ರಕ್ಷಣೆಗಾಗಿ ಮುಕ್ತ ತಂತ್ರಾಂಶ ಪ್ರತಿಷ್ಠಾನವನ್ನು ಸ್ಥಾಪಿಸಿದನು. ಆ ಪ್ರತಿಷ್ಠಾನದ ಸಾರ್ವಜನಿಕ ಪರವಾನಗಿಯು ತಿದ್ದುವ ಅಧಿಕಾರವನ್ನು ಎಲ್ಲರಿಗೂ ಕೊಡುತ್ತದೆ. ಅದರೊಡನೆಯೇ, ತಿದ್ದಿದವನು ತಾನು ತಿದ್ದಿರುವೆನೆಂದೂ ಯಾವ ದಿನ ತಿದ್ದಿದೆನೆಂದೂ ಎದ್ದು ಕಾಣುವಂತೆ ಬರೆಯಬೇಕೆಂದು ವಿಧಿಸುತ್ತದೆ. ಸ್ವಾತಂತ್ರ್ಯವೂ ಗುರುತೂ ಒಟ್ಟಿಗೆ ಬರುತ್ತವೆ. ಒಂದನ್ನು ಬಿಟ್ಟು ಇನ್ನೊಂದಿಲ್ಲ. ಶೂನ್ಯಸಂಪಾದನೆಯ ನಾಲ್ವರು ಸಂಕಲನಕಾರರು ಯಾರೂ ವಿಧಿಸದೆಯೇ ನಡೆದುಕೊಂಡ ಬಗೆಯು ಇದೇ ಆಗಿತ್ತು.

ಗುರುತನ್ನೇ ಮಾರ್ಪಡಿಸಿದರೆ ಏನಾಗುತ್ತದೆಂಬುದಕ್ಕೆ ಈಚಿನ ಉದಾಹರಣೆಯೊಂದಿದೆ. ಕಳೆದ ಶತಮಾನದ ಕೊನೆಯ ದಶಕದಲ್ಲಿ ಹೊರಬಂದ 'ಬಸವ ವಚನ ದೀಪ್ತಿ'ಯೆಂಬ ಸಂಕಲನದಲ್ಲಿ ಬಸವಣ್ಣನ ವಚನಗಳ 'ಕೂಡಲಸಂಗಮದೇವ' ಎಂಬ ಅಂಕಿತದ ಸ್ಥಾನದಲ್ಲಿ 'ಲಿಂಗದೇವ' ಎಂಬುದನ್ನು ಇಡಲಾಯಿತು. 1998ರಲ್ಲಿ ಕರ್ನಾಟಕ ಸರಕಾರವು ಆ ಗ್ರಂಥವನ್ನು ಮುಟ್ಟುಗೋಲು ಹಾಕಿತು. ಸರ್ವೋಚ್ಚ ನ್ಯಾಯಾಲಯವು 2017ರಲ್ಲಿ ಸರಕಾರದ ಆಜ್ಞೆಯನ್ನು ಎತ್ತಿಹಿಡಿಯಿತು. ಈ ವ್ಯಾಜ್ಯದ ಧಾರ್ಮಿಕ ಪಕ್ಷವು ಇಲ್ಲಿ ಅಪ್ರಸ್ತುತ. ಪಾಠವಿಮರ್ಶೆಯ ದೃಷ್ಟಿಯಿಂದ ಮಾತ್ರ ನೋಡಿದರೆ, ಅಂಕಿತವು ವಚನದ ಕೊನೆಗೆ ಅಂಟಿಸಿದ ಅಲಂಕಾರವಲ್ಲ. ಅದು ವಚನದ ಶರೀರದ ಅಂಗ, ಕರ್ತೃವಿನ ಸಾಕ್ಷಿ. ಅದನ್ನು ಬದಲಿಸಿದವನು ಹೊಸ ವ್ಯಾಖ್ಯಾನವನ್ನು ಬರೆದಂತಾಗುವುದಿಲ್ಲ. ಹಳೆಯ ಸಾಕ್ಷಿಯನ್ನು ಅಳಿಸಿದಂತಾಗುತ್ತದೆ. ತನಗೆ ಸಮ್ಮತವಾದ ಅರ್ಥವನ್ನು ಟೀಕೆಯಲ್ಲಿ ಹೇಳುವುದಕ್ಕೆ ಯಾರಿಗೂ ಅಡ್ಡಿಯಿಲ್ಲ. ಮೂಲದಲ್ಲಿ ಅದನ್ನು ಸೇರಿಸುವುದಕ್ಕೆ ಯಾರಿಗೂ ಅಧಿಕಾರವಿಲ್ಲ.

ಆದರೆ ಮುಟ್ಟುಗೋಲಿನಿಂದ ಪಾಠವು ರಕ್ಷಿತವಾಯಿತೆಂದು ತಿಳಿಯುವುದೂ ತಪ್ಪು. ಸರಕಾರವು ಒಂದು ಪುಸ್ತಕವನ್ನು ತಡೆಯಬಲ್ಲದು. ಎಣಿಕೆಯಿಲ್ಲದ ಕೈಬರಹಗಳನ್ನೂ, ಹಾಡುವವರ ಬಾಯನ್ನೂ, ಗಣಕಯಂತ್ರಗಳ ಒಳಗಣ ಪ್ರತಿಗಳನ್ನೂ ಅದು ತಡೆಯಲಾರದು. ವಿದ್ವಾಂಸರ ಕೈಯಲ್ಲಿರುವ ಮದ್ದು ಬೇರೆ. ಪ್ರತಿಯೊಂದು ವಚನಕ್ಕೂ ಅದು ಯಾವ ಪ್ರತಿಯಿಂದ ಬಂದಿತು, ಯಾವ ಸಂಪಾದಕನು ಏನನ್ನು ತಿದ್ದಿದನು, ಬೇರೆ ಪ್ರತಿಗಳಲ್ಲಿ ಏನಿದೆ ಎಂಬ ವಂಶಾವಳಿಯನ್ನು ಎಲ್ಲರೂ ನೋಡುವಂತೆ ಇಡುವುದೇ ಆ ಮದ್ದು. ಹೊಸ ಅಂಕಿತವು ಎಲ್ಲಿಂದ ಬಂದಿತೆಂದು ಓದುವವನು ತಾನೇ ಕಂಡುಕೊಳ್ಳುವಂತಿದ್ದರೆ, ಅದು ಮೂಲವೆಂದು ನಂಬುವವರು ಕಡಿಮೆಯಾಗುತ್ತಾರೆ.

6

ಇನ್ನು ಪ್ರತಿಷ್ಠಾನದ ವಿಚಾರ. ಎಲ್ಲರಿಗೂ ಬಿಟ್ಟುಕೊಟ್ಟ ವಸ್ತುವಿಗೆ ಮತ್ತೆ ಒಂದು ಸಂಸ್ಥೆಯೇಕೆ, ಸಂಸ್ಥೆಯಾದರೆ ಅದೇ ಒಡೆಯನಾಗಿ ಕುಳಿತುಕೊಳ್ಳುವುದಿಲ್ಲವೇ, ಎಂಬುದು ಎರಡನೆಯ ಪೂರ್ವಪಕ್ಷ.

ಧರ್ಮಶಾಸ್ತ್ರದಲ್ಲಿ ದಾನಕ್ಕೂ ಉತ್ಸರ್ಗಕ್ಕೂ ಭೇದವನ್ನು ಹೇಳಿದೆ. ದಾನದಲ್ಲಿ ಕೊಡುವವನ ಸ್ವತ್ವವು ನಿವೃತ್ತವಾಗಿ ತೆಗೆದುಕೊಳ್ಳುವವನ ಸ್ವತ್ವವು ಹುಟ್ಟುತ್ತದೆ. ಕೆರೆಯನ್ನೋ ಬಾವಿಯನ್ನೋ ಉತ್ಸರ್ಗ ಮಾಡಿದಲ್ಲಿ ತೆಗೆದುಕೊಳ್ಳುವವನು ಒಬ್ಬನಿಲ್ಲ. ಅದು ಸರ್ವಭೂತಗಳಿಗಾಗಿ ಬಿಟ್ಟುದು. ಕಟ್ಟಿಸಿದವನು ಆ ನೀರನ್ನು ಕುಡಿಯಬಹುದು. ಆದರೆ ಒಡೆಯನಾಗಿ ಅಲ್ಲ, ಎಲ್ಲರಲ್ಲಿ ತಾನೂ ಒಬ್ಬನಾಗಿ. ಮುಕ್ತವಾಗಿ ಬಿಟ್ಟ ತಂತ್ರಾಂಶಕ್ಕೂ ಪಾಠಕ್ಕೂ ಇದಕ್ಕಿಂತ ತಕ್ಕ ಉಪಮಾನವಿಲ್ಲ. ಆದರೆ ಉತ್ಸರ್ಗದ ಸಂಕಲ್ಪವನ್ನು ಹೇಳಿದ ಮಾತ್ರಕ್ಕೆ ಕೆರೆಯಲ್ಲಿ ಹೂಳು ತುಂಬುವುದು ನಿಲ್ಲುವುದಿಲ್ಲ. ಅದಕ್ಕಾಗಿಯೇ ಕನ್ನಡನಾಡಿನ ಶಾಸನಗಳಲ್ಲಿ ಬಿತ್ತುವಟ್ಟವೆಂಬ ದತ್ತಿಯ ಮಾತು ಬರುತ್ತದೆ. ಕೆರೆಯ ಏರಿಯನ್ನು ಕಾಯುವುದಕ್ಕೂ ಹೂಳನ್ನು ತೆಗೆಯುವುದಕ್ಕೂ ಬಿಟ್ಟ ಭೂಮಿಯದು. ಬಿತ್ತುವಟ್ಟವನ್ನು ಪಡೆದವನು ನೀರಿನ ಒಡೆಯನಲ್ಲ. ನೀರು ನಿಲ್ಲುವಂತೆ ನೋಡಿಕೊಳ್ಳುವ ಕೆಲಸದವನು. ಪ್ರತಿಷ್ಠಾನದ ಸ್ಥಾನವು ಇದಕ್ಕಿಂತ ಹೆಚ್ಚಾಗಬಾರದು, ಕಡಿಮೆಯೂ ಆಗಬಾರದು.

ಲೋಕದಲ್ಲಿ ಬೇರೆ ಕಡೆಗಳಲ್ಲಿಯೂ ಮುಕ್ತವಾದ ಕೆಲಸಗಳು ಪ್ರತಿಷ್ಠಾನಗಳಾಗಿ ಬೆಳೆದಿವೆ. 1995ರಲ್ಲಿ ಕೆಲವೇ ಮಂದಿ ತಂತ್ರಜ್ಞರು ಕೂಡಿ ಮೊದಲು ಮಾಡಿದ ಅಪಾಚೆ ಎಂಬ ಕೆಲಸವು 1999ರಲ್ಲಿ ಪ್ರತಿಷ್ಠಾನವಾಗಿ, ತರುವಾಯ ಬೇರೆ ಅನೇಕ ಕೆಲಸಗಳಿಗೆ ಆಶ್ರಯವಾಯಿತು. 2001ರಲ್ಲಿ ಹುಟ್ಟಿದ ವಿಕಿಪೀಡಿಯಕ್ಕೆ 2003ರಲ್ಲಿ ಪ್ರತಿಷ್ಠಾನವೊಂದು ಆಸರೆಯಾಯಿತು. 2010ರಲ್ಲಿ ಓಪನ್ ಆಫೀಸ್ ಎಂಬ ತಂತ್ರಾಂಶದ ಸ್ವಾಮ್ಯವು ಒಂದು ವ್ಯಾಪಾರಸಂಸ್ಥೆಯಿಂದ ಇನ್ನೊಂದಕ್ಕೆ ಹೋದ ಮೇಲೆ, ಅದನ್ನು ಬೆಳೆಸಿದವರಲ್ಲಿ ಹಲವರು ಅದೇ ವರ್ಷ ಬೇರೆಯಾಗಿ ಡಾಕ್ಯುಮೆಂಟ್ ಫೌಂಡೇಶನ್ ಎಂಬ ಸ್ವತಂತ್ರ ಪ್ರತಿಷ್ಠಾನವನ್ನು ಸಾರಿ, ಲಿಬ್ರೆಆಫೀಸ್ ಎಂಬ ಬೇರೆ ಹೆಸರಿನಿಂದ ಕೆಲಸವನ್ನು ಮುಂದುವರಿಸಿದರು. ಹೆಸರು ಬೇರೆಯಾದುದರಿಂದ ಬಳಸುವವನಿಗೆ ಯಾವುದು ಯಾರದೆಂಬುದು ತಿಳಿದುಬಂದಿತು. ಬರಹವು ಮುಕ್ತವಾಗಿದ್ದುದರಿಂದ ಹಲವರ ದುಡಿಮೆಯು ಹಾಳಾಗಲಿಲ್ಲ. ಈ ಮೂರರಲ್ಲಿಯೂ ಪ್ರತಿಷ್ಠಾನವು ಕೆಲಸಕ್ಕಾಗಿ ಹುಟ್ಟಿತೇ ಹೊರತು ಕೆಲಸವು ಪ್ರತಿಷ್ಠಾನಕ್ಕಾಗಿ ಹುಟ್ಟಲಿಲ್ಲ.

ಸಂಸ್ಥೆಯು ಅಗಲವಾದಂತೆ ಒಂದು ಅಪಾಯವು ಒದಗುತ್ತದೆ. ಹೊಸ ಕೆಲಸಗಳು ಕಣ್ಣಿಗೆ ಕಾಣುವಂಥವು. ಹಳೆಯ ಕೆಲಸದ ಹೂಳೆತ್ತುವುದು ಯಾರ ಕಣ್ಣಿಗೂ ಕಾಣದಂಥದು. ಸಾವಿರ ಪುಸ್ತಕಗಳ ಪ್ರತಿಬಿಂಬವನ್ನು ತೆಗೆದುದಕ್ಕೆ ಪ್ರಶಂಸೆ ದೊರೆಯುತ್ತದೆ. ಒಂದು ವಚನದ ಒಂದು ದೀರ್ಘವು ಓಲೆಯಲ್ಲಿಲ್ಲವೆಂದು ಗೊತ್ತುಮಾಡಿದುದಕ್ಕೆ ದೊರೆಯದು. ಪ್ರತಿಬಿಂಬಗಳನ್ನು ಕೂಡಿಹಾಕುವ ಕೆಲಸವು ವ್ಯರ್ಥವೆಂದು ಇದರ ಅರ್ಥವಲ್ಲ. ವಾಸ್ತವವಾಗಿ ಅದೇ ಪಾಠಶೋಧನಕ್ಕೆ ಸಾಮಗ್ರಿ. ಹಳಕಟ್ಟಿಯವರ, ಬಸವನಾಳರ ಕಾಲದ ಆವೃತ್ತಿಗಳ ಪ್ರತಿಬಿಂಬಗಳನ್ನು ವಚನಕೋಶದ ಆಯಾ ವಚನಕ್ಕೆ ಜೋಡಿಸಿದರೆ, ಓದುವವನು ಒಂದೇ ಕಡೆ 1923ರ ಪಾಠವನ್ನೂ 1993ರ ಪಾಠವನ್ನೂ ಹೋಲಿಸಬಹುದು. ಪ್ರತಿಷ್ಠಾನದ ವಿಸ್ತಾರವು ಮೂಲದ ಕೆಲಸಕ್ಕೆ ಒದಗಿಬರುವುದು ಹೀಗೆ. ಬೇರಿಗೆ ನೀರು ಹರಿಯದೆ ಕೊಂಬೆಗಳು ಮಾತ್ರ ಹರಡಿದರೆ ಮರವು ಬಹುಕಾಲ ನಿಲ್ಲದು.

ಇದರಿಂದ ಪ್ರತಿಷ್ಠಾನವು ಯಾವ ಪಾಠವು ಸರಿಯೆಂದು ತೀರ್ಪು ಕೊಡುವ ಪೀಠವಾಗಬೇಕೆಂದು ಹೇಳಿದಂತಾಗದು. ತೀರ್ಪು ವಿದ್ವಾಂಸರದು, ಅದೂ ಕಾಲಕಾಲಕ್ಕೆ ಬದಲಾಗುವಂಥದು. ಪುಣೆಯ ಭಂಡಾರ್ಕರ್ ಪ್ರಾಚ್ಯವಿದ್ಯಾ ಸಂಶೋಧನ ಮಂದಿರದವರು 1919ರಲ್ಲಿ ಮೊದಲು ಮಾಡಿ 1966ರಲ್ಲಿ ಮುಗಿಸಿದ ಮಹಾಭಾರತದ ಪರಿಷ್ಕರಣದಲ್ಲಿ ಒಪ್ಪಿಕೊಂಡ ಪಾಠವು ಮೇಲಿದ್ದರೆ, ಬಿಟ್ಟ ಪಾಠಗಳು ಪುಟದ ಅಡಿಯಲ್ಲಿವೆ. ಒಪ್ಪದವನು ಅಡಿಯಲ್ಲಿರುವುದನ್ನು ಎತ್ತಿಕೊಳ್ಳಬಹುದು. ಆ ಪರಿಷ್ಕರಣದ ಗೌರವವು ಅದು ಕೊಟ್ಟ ನಿರ್ಣಯದಿಂದ ಬಂದುದಕ್ಕಿಂತ, ನಿರ್ಣಯದ ಸಾಧನಗಳನ್ನು ಮುಚ್ಚಿಡದೆ ಕೊಟ್ಟುದರಿಂದ ಬಂದಿದೆ. ವಚನಗಳಿಗೆ ಬೇಕಾದುದೂ ಇದೇ. ಮುದ್ರಿತ ಪುಟದಲ್ಲಿ ಸ್ಥಳದ ಅಭಾವದಿಂದ ಕೈಬಿಡಬೇಕಾದುದನ್ನು ಗಣಕಯಂತ್ರದ ಕೋಶದಲ್ಲಿ ಕೈಬಿಡಬೇಕಾದ ಕಾರಣವಿಲ್ಲ.

7

ಈ ಕೆಲಸವನ್ನು ಬೆಂಗಳೂರಿನಲ್ಲಿರುವ ಕೆಲವರು ಮಾತ್ರ ಮಾಡಿ ಮುಗಿಸಲಾರರು, ಅವರ ಮೇಲೆಯೇ ಬಿಟ್ಟುಬಿಡುವುದು ನ್ಯಾಯವೂ ಅಲ್ಲ. ಮಲಪ್ರಭೆಯ ಸೀಮೆಯ ಮಠಮನೆಗಳಲ್ಲಿ ಉಳಿದಿರಬಹುದಾದ ಓಲೆಯ ಕಟ್ಟುಗಳನ್ನೂ ಕಾಗದದ ವಹಿಗಳನ್ನೂ ಅಲ್ಲಿಯ ಅಧ್ಯಾಪಕರೇ ನೋಡಬಲ್ಲರು. ಹೊರಗಿನಿಂದ ಬಂದವನಿಗೆ ತೆರೆಯದ ಪೆಟ್ಟಿಗೆಯು ಊರಿನ ಮಾಸ್ತರನಿಗೆ ತೆರೆಯುತ್ತದೆ. ಒಂದು ಕಟ್ಟಿನಲ್ಲಿ ದೊರೆತ ಹತ್ತು ವಚನಗಳನ್ನು ಅಚ್ಚಿನ ಪಾಠದೊಡನೆ ಹೋಲಿಸಿ, ಭೇದಗಳನ್ನು ಬರೆದು, ಕೆಳಗೆ ತನ್ನ ಹೆಸರನ್ನೂ ದಿನವನ್ನೂ ಕಟ್ಟು ದೊರೆತ ಊರನ್ನೂ ಕಾಣಿಸಿದರೆ ಅದು ಪೂರ್ಣವಾದ ಸಂಶೋಧನೆಯೇ. ಅಂಥ ಹತ್ತು ಹತ್ತು ವಚನಗಳು ಕೂಡಿದಲ್ಲಿ ಇಪ್ಪತ್ತೊಂದು ಸಾವಿರವೂ ಅಸಾಧ್ಯವಲ್ಲ. ಅವುಗಳನ್ನು ಸ್ವೀಕರಿಸಿ, ಕಳಿಸಿದವನ ಹೆಸರನ್ನು ಅಳಿಸದೆ, ಮೂಲಪಾಠದ ಪಕ್ಕದಲ್ಲಿ ಇಟ್ಟು ಕಾಯುವ ವ್ಯವಸ್ಥೆಯನ್ನು ಪ್ರತಿಷ್ಠಾನವು ಮಾಡಿದರೆ ಅದರ ಹೆಸರು ಸಾರ್ಥಕವಾಗುತ್ತದೆ. ಸಂಚಿಯೆಂದರೆ ಕೂಡಿಡುವ ಚೀಲವಷ್ಟೆ.

ವಿದ್ಯಾರ್ಥಿಗಳಿಗೆ ವಚನವನ್ನು ಪಾಠ ಹೇಳುವವರೂ ಈ ದೃಷ್ಟಿಯಿಂದ ಒಂದು ರೂಢಿಯನ್ನು ಹಾಕಿಕೊಳ್ಳುವುದು ಒಳ್ಳೆಯದು. ವಚನವನ್ನು ಹೇಳಿದೊಡನೆ ಅದು ಯಾವ ಆವೃತ್ತಿಯ ಪಾಠವೆಂದು ಹೇಳಬೇಕು. ಕೋಶದಲ್ಲಿ ಸಿಕ್ಕಿತು ಎಂಬುದು ಉತ್ತರವಾಗಲಾರದು. ಕೋಶಕ್ಕೆ ಅದು ಎಲ್ಲಿಂದ ಬಂದಿತೆಂಬುದು ಉತ್ತರ. ಹೀಗೆ ಕೇಳುವ ಓದುಗರು ಹೆಚ್ಚಿದಂತೆ ಕೋಶವನ್ನು ಕಾಯುವವರೂ ಎಚ್ಚರವಾಗಿರುತ್ತಾರೆ. ಎಲ್ಲರ ಸೊತ್ತಾದ ಗ್ರಂಥವು ಎಲ್ಲರ ಹೊಣೆಯಾಗುವುದು ಅಲ್ಲಿಂದಲೇ ಮೊದಲು.